ಈಸ್ಟರಿಗೆ ನೋಡೋಣು

“ಪೈಪ್ ಬ್ಯಾಡ ವೀರೇಶಣ್ಣ, ಕಾರ್ ತೊಳದಂಗ ಆಗ್ತೈತಿ,” ಎಂದು ನೀಲಾಂಬಿಕಾ ಗಂಡನ ಗೆಳೆಯನ ಕೈಯಿಂದ ಅದನ್ನು ಕಸಿದು ಸಿಂಕಿಗೆ ಎಸೆದಳು. ಮನೆಯಿಂದ ತಂದ ಸ್ಟೀಲ್ ತಂಬಿಗೆಯನ್ನು ಬಿಸಿನೀರಿನ ಬಕೆಟ್ಟಿಗೆ ಅದ್ದಿದಳು. ಅಮೆರಿಕದ ಲಿವೋನಿಯಾದಲ್ಲಿ, ಹೆಣಗಳನ್ನು ಅಣಿಮಾಡುವ ಆ ಫ್ಯೂನರಲ್ ಹೋಮಿನ ಹಿಂದಿನ ಕೋಣೆಯಲ್ಲಿ, ಗಂಡ ಕಲ್ಮೇಶ್ ಸೊಂಟಕ್ಕೊಂದು ಬಿಳಿ ಟವೆಲ್ ಸುತ್ತಿಸಿಕೊಂಡು ಮಲಗಿದ್ದ. ಬದುಕಿದ್ದಾಗಲೂ ಸ್ನಾನಕ್ಕೆ ಸತಾಯಿಸುತ್ತಿದ್ದ ಮನುಷ್ಯ.

ಬಾಗಿಲಲ್ಲಿ ನಿಂತಿದ್ದ ಮಗಳು ವರ್ಷಾ ಮೂಗು ಒರೆಸಿಕೊಂಡಳು. “ಅಮ್ಮಾ, ದೆ ಆಲ್ರೆಡಿ ವಾಶ್ಡ್ ಹಿಮ್.”

“ಅವರು ತೊಳದಾರು. ನೀರ ಹಾಕಾಕ ಮನ್ಯಾಗಿನವರ ಬೇಕು.”

ಸತ್ತವರಿಗೆ ಮನೆಯವರೇ ನೀರೆರೆಯುವ ಪದ್ಧತಿ ಅವಳಿಗೆ ಗದಗದಿಂದ ಬಂದದ್ದು. ಏಸುವನ್ನು ನಂಬಿದ್ದು ಇಲ್ಲಿ, ಎದೆಯ ಗಡ್ಡೆ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಒಬ್ಬಳೇ ಮಲಗಿದ್ದಾಗ. ಮಧ್ಯಾಹ್ನ ಪಾಸ್ಟರ್ ಬರುವವರಿದ್ದರು, ಆದರೆ ಸ್ನೇಹಿತರಾಗಿ ಮಾತ್ರ. ದೀಕ್ಷಾಸ್ನಾನ ಆಗದವನಿಗೆ ಪರಲೋಕದ ಭರವಸೆ ಹೇಳಲು ತಮಗೆ ಬಾಯಿ ಬರುವುದಿಲ್ಲ ಎಂದು ಫೋನಿನಲ್ಲಿ ಮೆಲ್ಲಗೆ ಅಂದಿದ್ದರು. ಅಂದರೆ ಇಷ್ಟು ವರ್ಷ ಜೊತೆಗೆ ಬಾಳಿದವನ ಮುಖ ಪರಲೋಕದಲ್ಲೂ ಕಾಣಲಿಕ್ಕಿಲ್ಲ. ಅಳು ಕೂಡ ಬಾರದಷ್ಟು ಭಯವಾಗಿತ್ತು ಅವಳಿಗೆ.

*

ಕಲ್ಮೇಶನಿಗೆ ನಂಬಿಕೆ ಇರಲಿಲ್ಲವೆಂದಲ್ಲ. ಭಾನುವಾರ ಅವಳ ಜೊತೆ ಚರ್ಚಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಶನಿವಾರ ಮಾತ್ರ ರಾಚೆಸ್ಟರ್ ಹಿಲ್ಸ್‌ನ ವೀರೇಶನ ಬೇಸ್‌ಮೆಂಟಿಗೆ ಮೀಸಲು. ರಮ್ಮಿ, ವಿಸ್ಕಿ, ಮಿರ್ಚಿಭಜಿ, ಹೊಟ್ಟೆ ಹುಣ್ಣಾಗುವಷ್ಟು ನಗು. ನೀಲಾಂಬಿಕಾಳ ಪುಟ್ಟ ಚರ್ಚಿನ ಕಟ್ಟು ಬಿಗಿ. ಕುಡಿತ, ಇಸ್ಪೀಟು ಬಿಟ್ಟು, ‘ನಂಬಿದ್ದೇನೆ, ಬಿಟ್ಟಿದ್ದೇನೆ’ ಎಂದು ಸ್ವಂತ ಬಾಯಿಂದ ಹೇಳಿದವನಿಗಷ್ಟೇ ದೀಕ್ಷೆಯ ನೀರು.

“ಹೂಂ ಅಂದುಬಿಡ್ರಲಾ. ಎಷ್ಟೋ ಮಂದಿ ಅಂತಾರ,” ಎಂದಿದ್ದಳು ಒಮ್ಮೆ.

“ದೇವರ ಮುಂದ ಸುಳ್ಳ ಹೇಳಿ ನೀರಿಗಿಳೀಲೇನು? ನಂಬೀನಿ ನೀಲಾ, ಬಿಡೂದ ಆಗವಲ್ದು. ವಾರೆಲ್ಲಾ ಕಂಪನ್ಯಾಗ ಕಾರಿನ ಬ್ರೇಕ್ ಟೆಸ್ಟ್ ಮಾಡಿ ಸಾಯ್ತೀನಿ, ಶನಿವಾರ ಒಂದ ನನ್ನದು. ಈಸ್ಟರಿಗೆ ನೋಡೋಣು.”

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವಳು ಗೊಣಗುತ್ತಿದ್ದಳು. ಈಸ್ಟರ್ ಬರುತ್ತಿತ್ತು, ಹೋಗುತ್ತಿತ್ತು. ದೀಕ್ಷೆಗೆಂದು ಹೊಲಿಸಿಟ್ಟ ಬಿಳಿ ಜುಬ್ಬಾ ಎರಡು ಸಲ ಬಿಗಿಯಾಗಿ, ಎರಡು ಸಲ ಹೊಲಿಗೆ ಬಿಚ್ಚಿಸಿಕೊಂಡಿತು.

ಈ ವರ್ಷ, ಈಸ್ಟರಿನ ಹಿಂದಿನ ದಿನ, ಅವನೇ ಬಂದು ಕಾರಿನ ಕೀ ಎತ್ತಿಕೊಳ್ಳುತ್ತ ಹೇಳಿದ: “ಜುಬ್ಬಾ ಇಸ್ತ್ರಿ ಮಾಡಿಡು. ಇದೊಂದ ಶನಿವಾರ ಹೋಗಿ ಬರ್ತೀನಿ.”

ಅವಳು ಇಸ್ತ್ರಿ ಮಾಡುತ್ತಿದ್ದಾಗಲೇ ವೀರೇಶನ ಫೋನು ಬಂತು. ಇಸ್ಪೀಟಿನ ಟೇಬಲ್ಲಿನಲ್ಲೇ ಕಲ್ಮೇಶನ ಎದೆಬಡಿತ ನಿಂತುಹೋಗಿತ್ತು.

*

“ವೀರೇಶಣ್ಣ, ಖರೇ ಹೇಳ್ರಿ. ಕಡೀಕ ಇವರು, ಇನ್ನ ಮ್ಯಾಲೆ ಬಿಟ್ಟೆ ಅಂತ ಏನರ ಅಂದ್ರೇನು?” ಎಂದು ನೀಲಾಂಬಿಕಾ ತಂಬಿಗೆ ಹಿಡಿದೇ ಕೇಳಿದಳು.

ಒಂದು ‘ಹೌದು’ ಸಾಕಿತ್ತು. ವೀರೇಶ್ ಗೆಳೆಯನ ಮುಖವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. ಅವನ ಕಣ್ಣು ತುಂಬಿತು.

“ಇಲ್ರೀ ವೈನಿ. ಹೊತ್ತಾತು, ಎದ್ದ ಮನಿಗೆ ನಡಿ ಅಂದೆ ನಾನು. ‘ಎಲಿ ಹಾಕಲೇ, ಇನ್ನೊಂದ ಆಟ’ ಅಂದ. ನಕ್ಕ. ಅಷ್ಟ.”

ಅವಳು ತಲೆಯಾಡಿಸಿದಳು. “ಹೊರಗ ಇರ್ರಿ ಸ್ವಲ್ಪ. ವರ್ಷಾನ್ನೂ ಕರಕೊಂಡ ಹೋಗ್ರಿ.”

ಬಾಗಿಲು ಮುಚ್ಚಿತು. ನೀಲಾಂಬಿಕಾ ತಂಬಿಗೆ ತುಂಬಿಕೊಂಡು ಗಂಡನ ತಲೆಯ ಮೇಲೆ ಎತ್ತಿ ಹಿಡಿದಳು. ದೀಕ್ಷೆಯ ಹೊತ್ತಿಗೆ ಪಾಸ್ಟರ್ ಕೇಳುವ ಮಾತನ್ನೇ ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು.

“ನಂಬೀರೇನ್ರಿ? ಬಿಟ್ಟೀರೇನ್ರಿ?”

ಕೋಣೆಯಲ್ಲಿ ಅವಳೊಬ್ಬಳೇ. ಅವನ ಪರವಾಗಿ ಹೂಂ ಅಂದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಅವನೇ ಹೇಳದ ಸುಳ್ಳನ್ನು ಅವನ ಹೆಸರಿನಲ್ಲಿ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

ಇನ್ನೊಮ್ಮೆ ಕೇಳಿದಳು. ಕಾದಳು. ತಂಬಿಗೆಯ ನೀರು ಆರುತ್ತ ಬಂತು. ಸುರಿಯಲೂ ಆಗದೆ, ಇಳಿಸಲೂ ಆಗದೆ ಎತ್ತಿ ಹಿಡಿದ ತಂಬಿಗೆ ವಾಲಿ, ಅಂಚಿನಿಂದ ಒಂದೊಂದೇ ಹನಿ ಅವನ ಹಣೆಯ ಮೇಲೆ ಬೀಳುತ್ತಿತ್ತು.