ಯಂಕಿ ಕೂತ ಕುರ್ಚಿ

ನಾನು ಒಂದು ಪುಟ್ಟ ಕುರ್ಚಿ. ಗಂಗಾವತಿಯ ಬಡಗಿ ಕಾಳಪ್ಪ ತನ್ನ ಮೊಮ್ಮಗಳನ್ನು ಹಲಗೆಯ ಮೇಲೆ ಕೂರಿಸಿ, ಅವಳ ಮೊಣಕಾಲಿನ ಎತ್ತರ ಹಿಡಿದು ನನ್ನ ಕಾಲು ಕೊಯ್ದ. ಬೆನ್ನಿಗೆ ಹಳದಿ ಬಣ್ಣ ಹಚ್ಚಿ, "ಕೂಸಿನ ಕುರ್ಚಿ ಐತಪಾ, ಜ್ವಾಕಿ" ಎಂದು ಟಂಟಂ ಗಾಡಿಯವನಿಗೆ ಹೇಳಿದ. ಮಕ್ಕಳ ಕನಸು ಕಾಣುತ್ತ ಹೊರಟೆ.

ಇಳಿದದ್ದು ಶಿಶುವಿಹಾರದ ಶಿಕ್ಷಕಿಯರನ್ನು ತಯಾರು ಮಾಡುವ ತರಬೇತಿ ಸಂಸ್ಥೆಯಲ್ಲಿ. ಅಲ್ಲಿ ಒಂದು ಮಗುವೂ ಇರಲಿಲ್ಲ! ದಿನಕ್ಕೊಬ್ಬಳು ಟೀಚರಾಗುತ್ತಾಳೆ, ಉಳಿದವರು ಮಕ್ಕಳಾಗುತ್ತಾರೆ. ಎರಡು ಹೆತ್ತವಳೂ ನನ್ನ ಮೇಲೆ ಮುದುಡಿ ಕೂತು ಬೆರಳು ಚೀಪಬೇಕು. ಟೀಚರಾದವಳು ಪ್ಲಾಸ್ಟಿಕ್ ಸೇಬು ಎತ್ತಿ, "ಮಕ್ಕಳೇ, ಇದು ಯಾವ ಹಣ್ಣು?" ಎನ್ನಬೇಕು. "ಸೇಬು ಟೀಚರ್!" ಎಂದು ಎಲ್ಲರೂ ಒಟ್ಟಿಗೆ ಕೂಗಬೇಕು. ಯಾರೂ ಅಳುವುದಿಲ್ಲ, ಯಾರೂ ಅವ್ವ ಬೇಕೆನ್ನುವುದಿಲ್ಲ. ಇಂಥ ಮಕ್ಕಳು ಯಾವ ಊರಲ್ಲಿ ಹುಟ್ಟುತ್ತವೆ? ಕೆಸರು ಮೆಟ್ಟದೆ ನಾಟಿ ಕಲಿಸಿದ ಹಾಗೆ! ನನ್ನ ಕೀಲುಗಳು ಸಡಿಲವಾದದ್ದು ಈ ಸುಳ್ಳಿನ ಭಾರಕ್ಕೇ.

ಹುಲಿಗೆಮ್ಮ ಎಂಬ ಹುಡುಗಿಗೆ ಮಾತ್ರ ಇದು ಒಗ್ಗಲಿಲ್ಲ. "ಮೇಡಂ, ಕಸ ಹೊಡಿಯೋ ನಾಗವ್ವನ ಮಗಳು ಯಂಕಿ ದಿನಾ ಬಾಗಲದಾಗ ಕುಂತಿರತೈತ್ರಿ. ಒಳಗ ಕರಕೊಳ್ಳೋಣೇನ್ರಿ?" ಎಂದು ಕೇಳಿದಳು.

ವಿಮಲಾಕ್ಷಿ ಮೇಡಂ ನಕ್ಕರು. "ಅದರ ಮೂಗು ಒರಸೋರ್ಯಾರವಾ? ನೀ ಮೊದ್ಲು ಪಾಸಾಗು."

ಪಾಸಾಗದೆ ಗತಿಯೂ ಇರಲಿಲ್ಲ. ಪಾಸಾದರೆ ಅವಳೂರಿನ ಬಾಲವಾಡಿಯಲ್ಲಿ ಕೆಲಸ. ಇಲ್ಲದಿದ್ದರೆ ಮತ್ತೆ ಯಾರದೋ ಗದ್ದೆಯ ನಾಟಿ.

ಆದರೂ ಕೊನೆಯ ಪರೀಕ್ಷಾ ಪಾಠದ ದಿನ ಅವಳು ಯಂಕಿಯ ಕೈ ಹಿಡಿದು ತಂದು ನನ್ನ ಮೇಲೆ ಕೂರಿಸಿದಳು. ಅಬ್ಬಾ, ಎಷ್ಟು ಹಗುರ! ಕಾಳಪ್ಪ ನನ್ನನ್ನು ಮಾಡಿದ್ದೇ ಇದಕ್ಕೆ.

"ಇದು ಯಾವ ಹಣ್ಣು, ಯಂಕಿ?"

ಯಂಕಿ ಸೇಬನ್ನು ಕಸಿದುಕೊಂಡು ಕಚ್ಚಿದಳು. ಥೂ ಎಂದು ಉಗಿದಳು. "ಹಣ್ಣಲ್ಲ, ಪಿಲಾಸ್ಟಿಕ್ ಐತಿ!"

ಎಲ್ಲರೂ ಗೊಳ್ಳೆಂದರು. ಆ ನಗುವಿಗೆ ಬೆದರಿ ಮಗು ಅಳುತ್ತ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನನ್ನ ಕಾಲಗುಂಟ ಬೆಚ್ಚಗೆ ಇಳಿಯಿತು.

ಹುಲಿಗೆಮ್ಮ ಪಾಠ ಬಿಟ್ಟಳು. ಮಗುವನ್ನು ಎತ್ತಿಕೊಂಡು ಸಮವಸ್ತ್ರದ ಸೆರಗಿನಿಂದಲೇ ನನ್ನನ್ನು ಒರೆಸಿದಳು. "ಹೋಗ್ಲಿ ಬಿಡವ್ವಿ. ನೀ ಯಾವ ಹಣ್ಣು ತಿಂತಿ?"

ಅಳು ಮೆಲ್ಲಗೆ ನಿಂತಿತು. "ಬಾರಿಹಣ್ಣು. ಹಳ್ಳದ ಕಡೆ ಅದಾವು. ಮುಳ್ಳು ಚುಚ್ಚತಾವು. ಅವ್ವ ಹರಕೊಡ್ತಾಳ..." ಆಮೇಲೆ ಮಾತು ನಿಲ್ಲಲೇ ಇಲ್ಲ.

"ಟೈಮಾಯ್ತು. ಪಾಠ ಮುಗೀಲೇ ಇಲ್ಲ" ಎಂದರು ಮೇಡಂ.

"ಈಗ ಸುರು ಆಗೇತ್ರಿ, ಮೇಡಂ!"

ನಪಾಸು.

ನನ್ನನ್ನೂ ಹೊರಗೆ ಹಾಕಿಸಿದರು. "ಇನ್ನ ಅದರ ಮ್ಯಾಲೆ ಯಾರು ಕೂಡಬೇಕು?" ಒಮ್ಮೆ ಇದೇ ಮೇಡಂ ನನ್ನ ಮೇಲೆ ಚಹಾ ಚೆಲ್ಲಿದ್ದರು. ಆಗ ಒರೆಸಿದರೆ ಸಾಕಾಗಿತ್ತು. ಕಸದವಳ ಮಗಳು ಒದ್ದೆ ಮಾಡಿದರೆ ಕಟ್ಟಿಗೆಗೂ ಮೈಲಿಗೆ!

ಈಗ ನಾನು ಅದೇ ಕೋಣೆಯ ಕಿಟಕಿಯ ಕೆಳಗೆ, ನಾಗವ್ವನ ಕಸಬರಿಗೆಯ ಪಕ್ಕ ಇದ್ದೇನೆ. ಹಳದಿ ಬಣ್ಣ ಸುಲಿದುಹೋಗಿದೆ, ಒಂದು ಕಾಲಿಗೆ ಇಟ್ಟಿಗೆ ಚೂರಿನ ಆಸರೆ. ಯಂಕಿ ದಿನವೂ ನನ್ನ ಮೇಲೇ ಕೂರುತ್ತಾಳೆ. ಹುಲಿಗೆಮ್ಮ ಮತ್ತೆ ತರಬೇತಿಗೆ ಬಂದಿದ್ದಾಳೆ.

ಇವತ್ತೂ ಒಳಗೆ ಅದೇ ನಡೆದಿತ್ತು. "ಮಕ್ಕಳೇ, ಇದು ಯಾವ ಹಣ್ಣು?"

"ಸೇಬು ಟೀಚರ್!" ಆ ಕೂಗಿನಲ್ಲಿ ಹುಲಿಗೆಮ್ಮನ ದನಿಯೂ ಇತ್ತು.

"ಪಿಲಾಸ್ಟಿಕ್ ಐತಿ!" ನನ್ನ ಮೇಲಿಂದ ಯಂಕಿ ಕೂಗಿದಳು.

"ಹುಲಿಗೆಮ್ಮಾ, ಆ ಕಿಟಕಿ ಹಾಕವಾ."

ಹುಲಿಗೆಮ್ಮ ಕಿಟಕಿಗೆ ಬಂದಳು. ಯಂಕಿಯನ್ನು ನೋಡಿದಳು, ನನ್ನನ್ನೂ ನೋಡಿದಳು. ಯಂಕಿ ಮುಷ್ಟಿ ತುಂಬ ಬಾರಿಹಣ್ಣು ಎತ್ತಿ ಹಿಡಿದಳು. "ತಗೋ, ಟೀಚರ್."

ಕಿಟಕಿ ಮುಚ್ಚಿತು.

ಈ ಸಲ ಹುಲಿಗೆಮ್ಮ ಪಾಸಾಗುತ್ತಾಳೆ.