ಕರಡಿಗೆ ಯಾವ ಬಣ್ಣ

ಕಾಶಪ್ಪನ ಮನೆಯ ಕರಡಿ ವಾದ್ಯಕ್ಕೆ ಹಸಿರು ಬಣ್ಣವೋ ಕೆಂಪೋ ಎಂಬುದು ಬನಹಟ್ಟಿಯ ಹಿರಿಯರು ಹಗುರಾಗಿ ತೆಗೆದುಕೊಳ್ಳುವ ವಿಷಯವಾಗಿರಲಿಲ್ಲ. ಎರಡು ಸುತ್ತು ಚಹಾ ಮುಗಿದರೂ ತೀರ್ಮಾನವಾಗದೆ, ಸಭೆ ಮರುದಿನಕ್ಕೆ ಹೋಯಿತು.

ಆ ಕರಡಿ ನೋಡಲು ಬರುವವರಿದ್ದದ್ದು ಧಾರವಾಡದ ಪ್ರಯೋಗಾಲಯದ ಮಧುಮತಿ ಮೇಡಂ. ಹಳೆಯ ವಾದ್ಯ ಮಾಡುವ ಬಗೆಯನ್ನು ವಿಜ್ಞಾನದಿಂದ ಉಳಿಸುವುದು ಅವರ ಕೆಲಸ. ಕಾಶಪ್ಪನೂ ಕರಡಿ ಮಾಡುವವನೇ. ಆದರೆ ಅಪ್ಪ ಗಿರಮಲ್ಲಪ್ಪನ ಕರಡಿ ತೇರದಾಳದವರೆಗೆ ಕೇಳುತ್ತದೆ ಎನ್ನುತ್ತಿದ್ದರು; ಮಗನದು ಓಣಿ ದಾಟುತ್ತಿರಲಿಲ್ಲ. ವ್ಯತ್ಯಾಸವಿದ್ದದ್ದು ಚರ್ಮದ ಒಳಮೈಗೆ ಬಳಿಯುವ ಕರಿ ಲೇಪದಲ್ಲಿ. ಗಿರಮಲ್ಲಪ್ಪ ಅದನ್ನು ಬಾಗಿಲಿಗೆ ಅಗಳಿ ಹಾಕಿಕೊಂಡೇ ಕಲಸುತ್ತಿದ್ದ. ಮನೆಯ ಹೆಂಗಸರ ಮುಂದೆ ಅದರ ಮಾತೆತ್ತುವುದು ನಿಷಿದ್ಧ. ಮಗ ಕೇಳಿದರೆ, "ಸಾವಕಾಶ ಹೇಳ್ತೇನಲೇ, ಎಲ್ಲಿ ಓಡಿ ಹೊಂಟೇನಿ?" ಎನ್ನುತ್ತಿದ್ದ. ಹೇಳದೆಯೇ ತೀರಿಕೊಂಡ. ಅವನ ಕೊನೆಯ ಕರಡಿ ಗೂಟಕ್ಕೆ ತೂಗುಬಿದ್ದಿತ್ತು, ಒಳಗಿನ ಲೇಪ ಒಣಗಿ ಕಲ್ಲಾಗಿತ್ತು.

"ಚಿಟಿಕಿಯಷ್ಟು ಸಿಕ್ರ ಸಾಕ್ರಿ. ಏನೇನ್ ಹಾಕ್ಯಾರಂತ ಮಷೀನ್ ಹೇಳತೈತಿ," ಎಂದು ಮೇಡಂ ಫೋನಿನಲ್ಲಿ ಹೇಳಿದ ದಿನ ಕಾಶಪ್ಪ ಗೋಡೆಯ ಮೇಲಿದ್ದ ಅಪ್ಪನ ಫೋಟೊವನ್ನು ಗೆದ್ದವನಂತೆ ನೋಡಿದ್ದ.

ಮರುದಿನದ ಸಭೆಯಲ್ಲಿ ಕೆಂಪು ಗೆದ್ದಿತು. ಅಪ್ಪನ ಆ ಕರಡಿಯ ಮೈಗೆ ಬಣ್ಣ ಹಚ್ಚಲು ಚರ್ಮ ಬಿಚ್ಚಿ ಅಂಗಳದಲ್ಲಿಟ್ಟು, ಕಾಶಪ್ಪ ಡಬ್ಬಿ ತರಲು ರಬಕವಿಗೆ ಹೋಗಿಬಂದ.

ಮೇಡಂ ಬಂದಾಗ ಕರಡಿ ಮದುಮಗನಂತೆ ಹೊಳೆಯುತ್ತಿತ್ತು. ಕಾಶಪ್ಪ ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಚರ್ಮವನ್ನು ಅಭಿಮಾನದಿಂದ ಮಗುಚಿದ. ಒಳಮೈ ಜೋಳದ ರೊಟ್ಟಿಯಂತೆ ಬೆಳ್ಳಗಿತ್ತು.

"ಯಾರ ತಿಕ್ಕಿದ್ರು ಇದನ್ನ?" ಎಂದರು ಮೇಡಂ.

"ನಾನ ತಿಕ್ಕೇನ್ರಿ," ಎಂದಳು ಹೆಂಡತಿ ಅನಸವ್ವ. "ಮಂದಿ ಬರೂ ಹೊತ್ನ್ಯಾಗ ಮ್ಯಾಲ ಬಣ್ಣ, ಒಳಗ ಮಸಿ! ಬಿಸಿನೀರಾಗ ನೆನಿ ಹಾಕಿ ತಿಕ್ಕೂದ್ರಾಗ ನನ್ನ ರಟ್ಟಿ ಬಿದ್ದುವು."

"ಅಪ್ಪನ ಲೇಪ ಅದು!"

"ಬಣ್ಣದ ಸುದ್ದಿ ಊರಿಗೆಲ್ಲಾ ಹೇಳಿದ್ರಿ. ಲೇಪದ ಸುದ್ದಿ ನನಗ ಒಂದ್ ಮಾತರೆ ಹೇಳೀರೇನು?"

ಮೇಡಂ ಮೆಲ್ಲಗೆ ಕೇಳಿದರು, "ತಿಕ್ಕಿದ ನೀರು ಎಲ್ಲಿ ಚೆಲ್ಲೀರಿ, ಅವ್ವಾರ?"

ಅನಸವ್ವ ಗದ್ದದಿಂದಲೇ ಗಟಾರ ತೋರಿಸಿದಳು. ಅಲ್ಲಿ ಮೇಲಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕಿದ ನೀರು ಹರಿಯುತ್ತಿತ್ತು, ಹಸಿರು. ಮೇಡಂ ಚರ್ಮವನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೋದರು.

ಮುಂದಿನ ತಿಂಗಳು ಅವರ ಫೋನು ಬಂತು. ಚರ್ಮದಲ್ಲಿ ಪಾತ್ರೆ ತಿಕ್ಕುವ ಸಾಬೂನು ಸಿಕ್ಕಿತ್ತು. ಲೇಪ ಸಿಗಲಿಲ್ಲ.