ಮಡಕೆ ತಳದ ಹಿಡಿಕಾಳು

ಕಾನಸೂರಿನ ಹೊನ್ನಿ ಬೀಜದ ಮಡಕೆಗೆ ಕೈ ಹಾಕಿದಳು. ಬಂದದ್ದು ಅರ್ಧ ಹೆಸರುಕಾಳು, ಅರ್ಧ ಹಿಟ್ಟು. ನಡುವೆ ಹರಿದಾಡುವ ಕಂದು ಹುಳುಗಳು. ಕಳೆದ ಬಿತ್ತನೆಗೆ ಇದೇ ಬೀಜವನ್ನು ಮಗಳು ದೇವಿ ಹೆಗ್ಗರಣೆಗೆ, ಗಂಡನ ಮನೆಗೆ ಒಯ್ದಿದ್ದಳು. ಮೊಳೆತದ್ದು ಅಲ್ಲೊಂದು ಇಲ್ಲೊಂದು. "ತವರಿನ ಕಾಳೂ ಟೊಳ್ಳು, ಮಾತೂ ಟೊಳ್ಳು" ಎಂದು ಅತ್ತೆ ಊರೆಲ್ಲ ಆಡಿಕೊಂಡಿದ್ದಳು. ಈ ಸಲವೂ ಹಾಗಾದರೆ ದೇವಿ ಅಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

ತನ್ನ ಗದ್ದೆಯಲ್ಲಿ ಅದೇ ಬೀಜವನ್ನು ದಟ್ಟವಾಗಿ ಬಿತ್ತಿದ್ದಕ್ಕೆ ಅಷ್ಟಿಷ್ಟು ಬೆಳೆದಿದ್ದ ಹೊಸ ಹೆಸರು ಅಂಗಳದಲ್ಲಿತ್ತು. ಹೊನ್ನಿ ಹಳೆಯದನ್ನು ಮೊರದಲ್ಲಿ ಕೇರಿ, ಚೆನ್ನಾಗಿ ಕಂಡ ಒಂದು ಹಿಡಿಯನ್ನು ಮಡಕೆಯ ತಳಕ್ಕೆ ಹಾಕಹೋದಳು. ಬೀಜದ ಮಡಕೆ ಒಂದು ಗಳಿಗೆಯೂ ಬರಿದಾಗಬಾರದಲ್ಲ!

ಗಾಡಿ ಹೊಡೆಯುವ ಬದ್ರುದ್ದೀನನ ಹೆಂಡತಿ, ನೆರೆಮನೆಯ ಕುಲ್ಸುಮ್ ಅವಳ ಕೈ ಹಿಡಿದಳು. "ಏ ಹೊನ್ನಿ, ಕಳ್ಳರನ್ನ ಒಳಗಿಟ್ಟು ಬಾಗ್ಲು ಹಾಕ್ತ್ಯೇನೆ?"

"ಹುಳ ಎಲ್ಲ ಕೇರಿ ಆಯ್ತು ಮಾರಾಯ್ತಿ! ನಿನ್ ಕಣ್ಣೇ ಬಿದ್ದಿರ್ಬೇಕು ನನ್ ಮಡಕೆಗೆ."

"ನನ್ ಕಣ್ಣಿಗೆ ಅಷ್ಟು ಶಕ್ತಿ ಇದ್ರೆ ನಮ್ಮನೆ ಎತ್ತಿನ ಸೋಮಾರಿತನ ಬಿಡಿಸ್ತಿದ್ದೆ! ಶಿರಸಿ ಪೇಟೇಲಿ ಬೇಸಾಯ ಖಾತೆಯವ್ರು ತೋರ್ಸಿದ್ರು. ನೀನೂ ನೋಡು."

ಕುಲ್ಸುಮ್ ಆ ಹಿಡಿಕಾಳನ್ನು ಲಾಟೀನಿನ ಗಾಜಿನೊಳಗೆ ಹಾಕಿ, ಎರಡೂ ಬಾಯಿಗೆ ಬಟ್ಟೆ ಬಿಗಿದಳು.

ಮರುದಿನ ಬಿಸಿಲೇರುವಾಗ ಹೊನ್ನಿ ಗಾಜಿಗೆ ಕಣ್ಣು ಹಚ್ಚಿದಳು. ತೂತಿಲ್ಲದ ಒಂದು ಕಾಳಿನ ಮೇಲೆ ಮಸುಕಾದ ಕಲೆ. ಕಲೆ ಅಲುಗಿತು. ಸಿಪ್ಪೆ ದುಂಡಗೆ, ಅಕ್ಕಸಾಲಿಗ ಕತ್ತರಿಸಿದಷ್ಟು ದುಂಡಗೆ ಬಿಚ್ಚಿ, ಪುಟ್ಟ ಬಾಗಿಲಿನಂತೆ ಮೇಲೆದ್ದಿತು. ಮೊದಲು ಎರಡು ಮೀಸೆ, ಆಮೇಲೆ ಇಡೀ ಹುಳು! ಹೊನ್ನಿ ಇನ್ನೂ ಹತ್ತಿರ ಬಾಗಿದಳು. ಉಗುರಿನ ತುದಿಯಲ್ಲಿ ನಿಲ್ಲುವ ಕಾಳು. ಅದರೊಳಗೊಂದು ಮನೆ, ಉಗ್ರಾಣ, ಕತ್ತಲಲ್ಲೇ ಬಾಗಿಲು ಕೊರೆಯಲು ಬಲ್ಲ ಒಂದು ಜೀವ.

"ಇಷ್ಟು ಸಣ್ಣದಕ್ಕೆ ಇಷ್ಟು ಬುದ್ಧಿ ಯಾರು ಕೊಟ್ರೇ ಕುಲ್ಸುಮ್?"

"ಕೊಟ್ಟವ್ನು ನಮ್ಗೂ ಸ್ವಲ್ಪ ಕೊಟ್ಟಿದಾನೆ. ಪಕ್ಕದ ಕಾಳಿನ ಮೇಲೆ ಆ ಬಿಳಿ ಚುಕ್ಕೆ ಕಾಣ್ತಾ? ಮೊಟ್ಟೆ. ಮರಿ ಅಲ್ಲಿಂದ್ಲೇ ಒಳಗೆ ಕೊರ್ದು ಹೋಗ್ತದೆ. ನಿನ್ನ ಈ ಒಂದು ಹಿಡಿ ಸಾಕು, ಹೊಸಾದೆಲ್ಲ ಹಿಟ್ಟಾಗ್ಲಿಕ್ಕೆ."

"ಹಂಗಾರೆ ಮಡಕೆ ಬರಿದು ಮಾಡದಾ?"

"ಬರಿದ್ಯಾಕೆ? ತಳಕ್ಕೆ ಬೂದಿ ಹಾಕು."

ಹಳೆಯ ಕಾಳು ಒಲೆಗೆ ಹೋಯಿತು. ಮಡಕೆ ತೊಳೆದು ಬಿಸಿಲಿಗಿಟ್ಟರು. ಹೊಸ ಕಾಳನ್ನು ಹಲ್ಲಿಗಿಟ್ಟರೆ ಕಟಕ್ಕೆನ್ನುವಂತೆ ಒಣಗಿಸಿ, ತಣಿಸಿ, ಜರಡಿ ಹಿಡಿದ ಬೂದಿಯಲ್ಲಿ ಮುಳುಗುವಂತೆ ಬೆರೆಸಿ, ತಳಕ್ಕೆ ಬೂದಿ ಹಾಸಿದ ಮಡಕೆಗೆ ತುಂಬಿದರು. ಮೇಲೆ ಮತ್ತೆ ದಪ್ಪಗೆ ಬೂದಿ ಹರಡಿ, ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತಿದರು.

ಬಿತ್ತನೆಗೆ ದೇವಿ ಒಯ್ದದ್ದು ಹಸಿರು ಮಿನುಗುವ ಕಾಳು. ಸ್ವಲ್ಪ ದಿನಕ್ಕೆ ಅಳಿಯ ಬೈರ ತಲೆ ಕೆರೆಯುತ್ತ ಬಂದ. "ಗದ್ದೆ ತುಂಬ ಮೊಳಕೆ ಅತ್ತೆ. ನಮ್ಮವ್ವ ಕೇಳ್ತು, ಇನ್ನೊಂದಿಷ್ಟು ಬೀಜ ಸಿಕ್ಕೀತಾ ಅಂತ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀಜದ ಮಡಕೆಯನ್ನು ಇಂದೇ ಪೂರ್ತಿ ಸುರಿದು ಬರಿದು ಮಾಡಿರಿ. ಹಳೆಯದನ್ನು ಹೊಸದಕ್ಕೆ ಸೇರಿಸಬೇಡಿ. ಬೂದಿ ಬಿಸಿ ಇರಬಾರದು, ಹಸಿಯೂ ಇರಬಾರದು. ಮುಟ್ಟಿ ನೋಡಿಯೇ ಬೆರೆಸಿರಿ. ನಂಬಿಕೆ ಬಾರದಿದ್ದರೆ ಹಳೆಯದರ ಹಿಡಿಕಾಳನ್ನು ಲಾಟೀನಿನ ಗಾಜಿನೊಳಗೆ ಕಟ್ಟಿಟ್ಟು, ತಾಳ್ಮೆಯಿಂದ ಕಾದು, ನಿಮ್ಮ ಕಣ್ಣಾರೆ ನೋಡಿರಿ.